ಮನೆಯ ಕಸ, ಬಚ್ಚಲ ನೀರು ಮತ್ತು ಕುಟುಂಬದ ಆರೋಗ್ಯ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮವಾಸಿ ದಂಪತಿಗಳಿಗೆ ‘ಪುನರ್ಬಳಕೆ’ ಎಂಬ ಪದವು ಹೊಸದಾಗಿ ಕೇಳಿಸಬಹುದು. ಆದರೆ ಆ ಪದವು ಸೂಚಿಸುವ ಪದ್ಧತಿಯು ನಿಮಗೆ ಹೊಸದಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ, ಕಲಗಚ್ಚು ಹಸುವಿಗೆ, ಹಸುವಿನ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ರಾಗಿಯ ಹೊಲಕ್ಕೆ, ರಾಗಿಯ ಹುಲ್ಲು ಮರಳಿ ಅದೇ ಹಸುವಿಗೆ ಸೇರುತ್ತಿದ್ದ ಮನೆಗಳಲ್ಲಿ ನಮ್ಮ ಹಿರಿಯರು ಬಾಳಿದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹರಿದ ಸೀರೆಯು ಕೌದಿಯಾಗುತ್ತಿತ್ತು. ಎಸೆಯುವುದಕ್ಕೆಂದು ಮನೆಯಲ್ಲಿ ಉಳಿಯುತ್ತಿದ್ದ ವಸ್ತು ಬಹು ಕಡಿಮೆ.

ಇಂದು ಅದೇ ತಿಪ್ಪೆಯ ಮೇಲೆ ಪ್ಲಾಸ್ಟಿಕ್ ಕವರು, ಶಾಂಪೂವಿನ ಚೀಟಿ, ಗುಟ್ಕಾ ಪೊಟ್ಟಣ, ಮಾತ್ರೆಯ ಹಾಳೆ, ಟೊಮ್ಯಾಟೊ ತೋಟಕ್ಕೆ ಸಿಂಪಡಿಸಿದ ಕೀಟನಾಶಕದ ಬಾಟಲಿ ಇವೆಲ್ಲವೂ ಬಂದು ಬೀಳುತ್ತಿವೆ. ತಿಪ್ಪೆ ಹಳೆಯದು, ಕಸ ಹೊಸದು. ಇದರಿಂದ ಒದಗುವ ತೊಂದರೆಗಳು ಹೊಲದಲ್ಲಿ ಕಾಣುವುದಕ್ಕೆ ಮೊದಲೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊರರೋಗಿಗಳ ಸಾಲಿನಲ್ಲಿ ಕಾಣಿಸುತ್ತವೆ. ಆದುದರಿಂದ ಈ ಪಾಠವನ್ನು ವೈದ್ಯನೊಬ್ಬನು ಬರೆಯುತ್ತಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಇದನ್ನು ಓದಬೇಕೆಂದು ಕೋರುತ್ತೇನೆ. ಕಸವು ಹೆಂಗಸರ ಕೆಲಸ, ಗೊಬ್ಬರವು ಗಂಡಸರ ಕೆಲಸ ಎಂದು ಹಂಚಿಕೊಂಡಿರುವ ಮನೆಗಳಲ್ಲಿ ಕಸವು ಗೊಬ್ಬರವಾಗುವ ದಾರಿಯು ನಡುವೆಯೇ ಕಡಿದುಹೋಗುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ.

ಬಚ್ಚಲ ನೀರು

ಎಲ್ಲಕ್ಕಿಂತ ಮೊದಲು ನೀರಿನ ವಿಷಯವನ್ನು ತೆಗೆದುಕೊಳ್ಳೋಣ. ಏಕೆಂದರೆ ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿ ಎಂಬ ಹೆಸರುಗಳು ಭೂಪಟದಲ್ಲಿವೆ, ಪಾತ್ರಗಳಲ್ಲಿ ನೀರು ಕಾಣುವುದು ಅಪರೂಪ. ಕೆರೆಗಳನ್ನು ನಂಬಿ ಬಾಳಿದ ಈ ನಾಡು ಕಾಲಕ್ರಮದಲ್ಲಿ ಕೊಳವೆ ಬಾವಿಯನ್ನು ನಂಬಿತು. ಬಾವಿಯು ಆಳವಾದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಹೆಚ್ಚಾಗಿ ಕಾಣಿಸಿಕೊಂಡಿತು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರು ಸಿಗದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಮೂಡುವುದನ್ನೂ, ದೊಡ್ಡವರ ಬೆನ್ನು ಮತ್ತು ಕೀಲುಗಳು ಬಿಗಿಯುವುದನ್ನೂ ನೀವೇ ನೋಡಿರುತ್ತೀರಿ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣವು ಹೆಚ್ಚುತ್ತದೆ.

ಇಂಥ ಜಿಲ್ಲೆಗೆ 2018ರ ಜೂನ್ ತಿಂಗಳಲ್ಲಿ ಬೆಂಗಳೂರು ನಗರದ ಬಚ್ಚಲ ನೀರೇ ಬಂದಿತು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಅಂದರೆ ಜನರ ಬಾಯಲ್ಲಿರುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಗರದ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ಕೊಳವೆಯ ಮೂಲಕ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿಸಲಾಯಿತು. ಅಲ್ಲಿಂದ ಅದು ನರಸಾಪುರ ಮುಂತಾದ ಕೆರೆಗಳಿಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವುದು ಮೂಲ ಯೋಜನೆಯ ಗುರಿ. ಆ ವರ್ಷವೇ ನೀರಿನಲ್ಲಿ ನೊರೆ ಕಾಣಿಸಿಕೊಂಡು, ವಿಷಯವು ನ್ಯಾಯಾಲಯದವರೆಗೂ ಹೋಯಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ರೈತರು ಒತ್ತಾಯಿಸಿದರು. ವೈದ್ಯನಾಗಿ ನನಗೆ ಆ ಬೇಡಿಕೆಯು ನ್ಯಾಯವಾಗಿಯೇ ತೋರುತ್ತದೆ. ಬತ್ತಿಹೋಗಿದ್ದ ಎಷ್ಟೋ ಬಾವಿಗಳಲ್ಲಿ ಮತ್ತೆ ನೀರು ಕಂಡುದೂ ನಿಜ. ಈ ನೀರು ಅಂತರ್ಜಲವನ್ನು ಮರುಪೂರಣ ಮಾಡುವುದಕ್ಕೆಂದು ಬಂದುದೇ ಹೊರತು ಕುಡಿಯುವುದಕ್ಕೆಂದಲ್ಲ. ಆ ಕೆರೆಗಳಲ್ಲಿ ಮಕ್ಕಳನ್ನು ಈಜಲು ಬಿಡಬಾರದು, ಪಾತ್ರೆ ತೊಳೆಯಬಾರದು. ಸಮೀಪದ ಕೊಳವೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು.

ಬೆಂಗಳೂರಿನವರ ಬಚ್ಚಲ ನೀರಿಗೆ ಇಷ್ಟು ಬೆಲೆಯಿರುವಾಗ ನಮ್ಮ ಮನೆಯ ಬಚ್ಚಲ ನೀರನ್ನು ಬೀದಿಗೆ ಬಿಡುವುದೇಕೆ? ಒಬ್ಬ ವ್ಯಕ್ತಿಗೆ ದಿನಕ್ಕೆ 40 ಲೀಟರ್ ನೀರು ಬೇಕೆಂಬುದು ಗ್ರಾಮೀಣ ನೀರು ಸರಬರಾಜಿನ ಹಳೆಯ ಲೆಕ್ಕ. 2019ರಿಂದ ಜಲ ಜೀವನ್ ಯೋಜನೆಯು ಇದನ್ನು 55 ಲೀಟರಿಗೆ ಏರಿಸಿತು. ಹಳೆಯ ಲೆಕ್ಕದಲ್ಲಿಯೇ ಸ್ನಾನಕ್ಕೆ 15 ಲೀಟರ್, ಪಾತ್ರೆ ಹಾಗೂ ನೆಲ ತೊಳೆಯಲು 7 ಲೀಟರ್ ಎಂದು ಹಿಡಿದಿದ್ದಾರೆ. ಐದು ಜನರ ಸಂಸಾರದಲ್ಲಿ ಇವೆರಡರಿಂದಲೇ ದಿನಕ್ಕೆ 110 ಲೀಟರ್ ಆಯಿತು. ಬೀದಿಯಲ್ಲಿ ನಿಂತರೆ ಇದು ಸೊಳ್ಳೆಯ ತೊಟ್ಟಿಲಾಗುತ್ತದೆ. ಹಿತ್ತಲಿಗೆ ತಿರುಗಿಸಿದರೆ ನಾಲ್ಕು ಬಾಳೆ, ಎರಡು ಪರಂಗಿ, ಒಂದು ನುಗ್ಗೆ, ಒಂದು ಮಡಿ ಸೊಪ್ಪನ್ನು ಸಾಕುತ್ತದೆ.

ವಿಧಾನವು ಸರಳ. ಬಚ್ಚಲ ಕೊಳವೆಯ ಬಾಯಿಯಲ್ಲಿ ಒಂದು ಚಿಕ್ಕ ಗುಂಡಿ ತೋಡಿ, ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಮಾಲೂರಿನ ಕಡೆ ಇಟ್ಟಿಗೆ ಗೂಡುಗಳ ಬಳಿ ಒಡೆದ ಇಟ್ಟಿಗೆ, ಹೆಂಚಿನ ಚೂರುಗಳು ಸುಲಭವಾಗಿ ದೊರೆಯುವುದರಿಂದ ಜಲ್ಲಿಗೆ ಬದಲಾಗಿ ಅವನ್ನೇ ಬಳಸಬಹುದು. ಅಲ್ಲಿಂದ ಹೊರಬಂದ ನೀರನ್ನು ಕಾಲುವೆಯಲ್ಲಿ ಗಿಡಗಳ ಬುಡಕ್ಕೆ ಬಿಡಬೇಕು. ಎಲೆಗಳ ಮೇಲೆ ಚೆಲ್ಲಬಾರದು, ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗಳಿಗೆ ಹಾಕಬಾರದು. ಮಗುವಿನ ಮಲದ ಬಟ್ಟೆ ತೊಳೆದ ನೀರನ್ನು ಶೌಚಾಲಯಕ್ಕೇ ಸುರಿಯಬೇಕು. ಮರಳಿನ ಮೇಲ್ಪದರವು ಜಿಡ್ಡುಗಟ್ಟಿದಾಗ ಅದನ್ನು ತೆಗೆದು ಹೊಸದನ್ನು ಹಾಕಬೇಕು. ಈ ಕಡೆಯ ಕೆಲಸವನ್ನು ಯಾರೂ ಮಾಡುವುದಿಲ್ಲವೆಂಬುದು ನನ್ನ ಅನುಭವ. ಆದುದರಿಂದ ತಿಂಗಳಿಗೊಂದು ದಿನವನ್ನು ಗೊತ್ತುಮಾಡಿಕೊಳ್ಳಿರಿ.

ನುಗ್ಗೆಯ ಗಿಡವನ್ನು ಹೆಸರಿಸಿದುದಕ್ಕೆ ಕಾರಣವುಂಟು. ಗರ್ಭಿಣಿಯರ ರಕ್ತ ಪರೀಕ್ಷೆಯಲ್ಲಿ ನಾವು ಅತ್ಯಂತ ಹೆಚ್ಚಾಗಿ ಕಾಣುವ ದೋಷವೆಂದರೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಯನ್ನು ನಾವು ಕೊಡುತ್ತೇವೆ, ಅದನ್ನು ತಪ್ಪದೆ ನುಂಗಬೇಕು. ಅದರ ಜೊತೆಗೆ ವಾರದಲ್ಲಿ ಮೂರು ನಾಲ್ಕು ಬಾರಿ ನುಗ್ಗೆಸೊಪ್ಪಿನ ಸಾರು, ರಾಗಿ ಮುದ್ದೆ, ಮೇಲೆ ಒಂದು ತುಂಡು ಪರಂಗಿ ಹಣ್ಣು ಅಥವಾ ನಿಂಬೆಯ ರಸ ಸೇರಿದರೆ ಊಟವೇ ಔಷಧದ ಅರ್ಧ ಕೆಲಸವನ್ನು ಮಾಡುತ್ತದೆ. ಚೆನ್ನಾಗಿ ಹಣ್ಣಾದ ಪರಂಗಿಯನ್ನು ಗರ್ಭಿಣಿಯು ತಿನ್ನಬಹುದು, ಕಾಯಿಯನ್ನು ಬಿಡಲಿ.

ತಿಪ್ಪೆಗುಂಡಿ

ಮನೆಯ ಮುಂದೆಯೇ ತಿಪ್ಪೆಯಿದ್ದರೆ ಸಗಣಿ ಹೊರುವುದು ಸುಲಭ, ನಿಜ. ಆದರೆ ನೊಣಕ್ಕೂ ಅದೇ ಸುಲಭ. ಒಂದು ಹೆಣ್ಣು ನೊಣವು ತನ್ನ ಅಲ್ಪ ಆಯುಷ್ಯದಲ್ಲಿ ಸುಮಾರು 500 ಮೊಟ್ಟೆಗಳನ್ನಿಡಬಲ್ಲದು. ಬೇಸಿಗೆಯಲ್ಲಿ ಮೊಟ್ಟೆಯು ನೊಣವಾಗಲು ಏಳರಿಂದ ಹತ್ತು ದಿನ ಸಾಕು. ತಿಪ್ಪೆಯಿಂದೆದ್ದ ನೊಣವು ನೇರವಾಗಿ ಬಂದು ಕೂರುವುದು ಮಗುವಿನ ಬಾಯಿಯ ಮೇಲೆ, ಮುಚ್ಚದೆ ಇಟ್ಟ ಅನ್ನದ ಮೇಲೆ. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಮಳೆ ಬೀಳುತ್ತದೆ. ರಸ್ತೆಯ ಬದಿಗೆ ಸುರಿದ ಕೊಳೆತ ಹಣ್ಣು, ಸಿಪ್ಪೆಗಳ ಮೇಲೆ ನೊಣಗಳು ಕವಿಯುತ್ತವೆ. ಅದರ ಹಿಂದೆಯೇ ಮಕ್ಕಳ ವಾಂತಿಭೇದಿಯು ಬರುತ್ತದೆ. ಭೇದಿಯಾದ ಮಗುವಿಗೆ ಓ.ಆರ್.ಎಸ್. ನೀರನ್ನು ಕೂಡಲೇ ಆರಂಭಿಸಬೇಕು, ಎದೆಹಾಲನ್ನು ನಿಲ್ಲಿಸಬಾರದು ಎಂಬ ಮಾತನ್ನು ಸಂದರ್ಭ ಬಂದುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ.

ತಿಪ್ಪೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ; ಅದನ್ನು ಗುಂಡಿಯಾಗಿಸಿರಿ. ಮನೆಯಿಂದಲೂ ಬಾವಿಯಿಂದಲೂ 50 ಅಡಿಯಷ್ಟು ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಗುಂಡಿ ಸಾಕು. ಇದಕ್ಕಿಂತ ಆಳವಾದರೆ ತಳಕ್ಕೆ ಗಾಳಿಯಾಡದೆ ಕಸವು ಕೊಳೆತು ನಾರುತ್ತದೆ. ಒಣ ಎಲೆ, ತೊಗರಿ ಕಡ್ಡಿ, ರೇಷ್ಮೆ ಹುಳು ತಿಂದುಳಿದ ಹಿಪ್ಪುನೇರಳೆ ಕಡ್ಡಿ ಇವುಗಳ ಒಂದು ಪದರ. ಅದರ ಮೇಲೆ ಸಗಣಿ, ತರಕಾರಿ ಸಿಪ್ಪೆ, ಮಾವಿನ ಸಿಪ್ಪೆಗಳ ಪದರ. ಅದರ ಮೇಲೆ ತೆಳುವಾಗಿ ಮಣ್ಣು. ಹಿಂಡಿದರೆ ಕೈ ತೇವವಾಗುವಷ್ಟು ಮಾತ್ರ ನೀರು. ಹೀಗೆ ಕಟ್ಟಿದ ರಾಶಿಯು ಕೆಲವೇ ದಿನಗಳಲ್ಲಿ ಒಳಗಿನಿಂದ ಕಾಯುತ್ತದೆ. ಸರಿಯಾಗಿ ಕಟ್ಟಿದುದಾದರೆ 55ರಿಂದ 60 ಡಿಗ್ರಿಯವರೆಗೆ ಏರುತ್ತದೆ. ನೊಣದ ಹುಳುಗಳೂ, ಅನೇಕ ರೋಗಾಣುಗಳೂ, ಕಳೆಯ ಬೀಜಗಳೂ ಈ ಕಾವಿನಲ್ಲಿ ಸಾಯುತ್ತವೆ. ಎರಡು ಮೂರು ವಾರಗಳಿಗೊಮ್ಮೆ ಮಗುಚಿ ಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವು ಸಿದ್ಧ. ಮಾವಿನ ತೋಪುಗಳಲ್ಲಿ ಎಲೆಯನ್ನು ಗುಡಿಸಿ ಬೆಂಕಿಯಿಡುವವರು ಈ ಗೊಬ್ಬರವನ್ನೇ ಸುಡುತ್ತಿದ್ದಾರೆ.

ಸಗಣಿ ಅನಿಲ

ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕಿದರೆ ಗೊಬ್ಬರವೂ ಹೋಯಿತು, ಹೊಗೆಯೂ ಬಂದಿತು. ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ ತಾಯಂದಿರಿಗೆ ಬೀಡಿ ಸೇದುವವರಿಗೆ ಬರುವಂಥ ಶ್ವಾಸಕೋಶದ ಕಾಯಿಲೆಯೇ ಬರುತ್ತದೆ. ಗರ್ಭಿಣಿಯು ಈ ಹೊಗೆಯನ್ನು ಕುಡಿದರೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಹಾಲಿನ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಮೂರು ನಾಲ್ಕು ಹಸುಗಳಿರುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ದಿನಕ್ಕೆ ಸುಮಾರು 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಹಾಕಿದರೆ 2 ಘನ ಮೀಟರಿನ ಅನಿಲ ಸ್ಥಾವರವು ನಾಲ್ಕಾರು ಜನರ ಅಡುಗೆಗೆ ಒದಗುತ್ತದೆ. ನಾಟಿ ಹಸುವೊಂದು ದಿನಕ್ಕೆ 10 ಕಿಲೋ ಸಗಣಿ ಹಾಕಿದರೆ ಸೀಮೆ ಹಸುವು ಅದಕ್ಕಿಂತ ಹೆಚ್ಚು ಹಾಕುತ್ತದೆ. ಹೊರಬಂದ ಬಗ್ಗಡವು ತಿಪ್ಪೆಗುಂಡಿಗೆ ಅಥವಾ ನೇರವಾಗಿ ಹೊಲಕ್ಕೆ. ಇಟ್ಟಿಗೆಯ ಗುಮ್ಮಟವುಳ್ಳ ‘ದೀನಬಂಧು’ ಮಾದರಿಯು 1984ರಿಂದ ಬಳಕೆಯಲ್ಲಿದೆ. ಕೋಲಾರದ ಎಸ್.ಕೆ.ಜಿ. ಸಂಘವು ಅನಿಲ ಸ್ಥಾವರದ ಜೊತೆಗೆ ಎರೆಗೊಬ್ಬರದ ತೊಟ್ಟಿಯನ್ನು ಜೋಡಿಸಿದ ಕಾರ್ಯಕ್ಕಾಗಿ 2007ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿಯನ್ನು ಪಡೆಯಿತು.

ಸಿಲಿಂಡರು ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸಿಲಿಂಡರು ಇರುವ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಇನ್ನೂ ಹಂಡೆಯೊಲೆಯ ಮೇಲೆಯೇ ಕಾಯುತ್ತಿದೆ. ಆ ಒಲೆಯ ಬಾಯಿಗೆ ಏನೇನು ಹೋಗುತ್ತಿದೆಯೆಂಬುದನ್ನು ಮುಂದೆ ಹೇಳುತ್ತೇನೆ.

ಮರಳಿ ಬಳಸಬಾರದ ವಸ್ತುಗಳು

ಎಲ್ಲವನ್ನೂ ಮರಳಿ ಬಳಸುವುದು ಜಾಣತನವಲ್ಲ. ಒಂದು ಸಂಜೆ ಆರು ವರ್ಷದ ಬಾಲಕನೊಬ್ಬನನ್ನು ಅವನ ತಂದೆತಾಯಿಗಳು ಬೈಕಿನ ಮೇಲೆ ನಮ್ಮ ಕೇಂದ್ರಕ್ಕೆ ತಂದರು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಮೈ ಬೆವೆತಿತ್ತು, ಕಣ್ಣಿನ ಪಾಪೆಗಳು ಸೂಜಿಯ ಮೊನೆಯಷ್ಟಾಗಿದ್ದವು. ಟೊಮ್ಯಾಟೊಗೆ ಹೊಡೆದು ಉಳಿದ ಕೀಟನಾಶಕವನ್ನು ತಂದೆಯು ಖಾಲಿಯಾದ ತಂಪು ಪಾನೀಯದ ಬಾಟಲಿಗೆ ಸುರಿದಿದ್ದನು. ತಾಯಿಯು ಅದನ್ನು ಮಳೆಗೆ ನೆನೆಯದಿರಲೆಂದು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದಳು. ಶಾಲೆಯಿಂದ ಬಂದ ಮಗುವು ಬಾಟಲಿಯನ್ನು ಕಂಡು ಒಂದು ಗುಟುಕು ಕುಡಿದಿತ್ತು. ಅಟ್ರೋಪಿನ್ ಚುಚ್ಚುಮದ್ದು ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಮಗು ಉಳಿಯಿತು. ಆಂಬುಲೆನ್ಸ್ ಬರುವವರೆಗೂ ಆ ದಂಪತಿಗಳು ತಪ್ಪು ಯಾರದೆಂದು ಒಬ್ಬರನ್ನೊಬ್ಬರು ದೂರುತ್ತಿದ್ದರು. ಬಾಟಲಿಯನ್ನು ತೊಳೆದಿಟ್ಟು ಮರಳಿ ಬಳಸುವ ಒಳ್ಳೆಯ ಅಭ್ಯಾಸವೇ ಅಂದು ಅವರಿಗೆ ಮುಳುವಾಗಿತ್ತು.

ನಮ್ಮ ರೈತರು ಕೀಟನಾಶಕವನ್ನು ‘ಔಷಧಿ’ ಎಂದು ಕರೆಯುವುದೇ ನನಗೆ ಸರಿಯೆನಿಸುವುದಿಲ್ಲ. ಅದು ವಿಷ. ಆಹಾರದ ಅಥವಾ ಪಾನೀಯದ ಬಾಟಲಿಗೆ ಅದನ್ನು ಎಂದೂ ಸುರಿಯಬಾರದು. ಅದರ ಡಬ್ಬಿಯಲ್ಲಿ ನೀರು, ಎಣ್ಣೆ, ಹಾಲು, ಬಿತ್ತನೆ ರಾಗಿ ಏನನ್ನೂ ಇಡಬಾರದು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕು ವಿಷವನ್ನು ಹೀರಿಕೊಂಡಿರುತ್ತದೆ. ಖಾಲಿಯಾದ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದು, ಡಬ್ಬಿಯ ತಳಕ್ಕೆ ತೂತು ಮಾಡಿಬಿಡಬೇಕು, ಮತ್ತೊಬ್ಬರು ಬಳಸದಂತೆ. ಯಾರಾದರೂ ವಿಷ ಕುಡಿದಲ್ಲಿ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಬರಬೇಕು. ಡಬ್ಬಿಯ ಮೇಲಿನ ಹೆಸರು ನಮಗೆ ಚಿಕಿತ್ಸೆಯ ದಾರಿಯನ್ನು ತೋರಿಸುತ್ತದೆ.

ಇನ್ನು ಹಂಡೆಯೊಲೆ. ಸೌದೆ ಬೇಗ ಹತ್ತಿಕೊಳ್ಳಲೆಂದು ಪ್ಲಾಸ್ಟಿಕ್ ಕವರು, ಹಾಲಿನ ಪೊಟ್ಟಣ, ಹಳೆಯ ಚಪ್ಪಲಿ, ಕೊಳವೆಯ ತುಂಡುಗಳನ್ನು ಒಲೆಗೆ ತುರುಕುವುದನ್ನು ಮುಳಬಾಗಿಲಿನ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ನಾನು ಪ್ರತ್ಯಕ್ಷ ಕಂಡಿದ್ದೇನೆ. ಪಿ.ವಿ.ಸಿ. ಕೊಳವೆಯಂಥವು ಸುಟ್ಟಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಅವು ಹೊಗೆಯಲ್ಲಿ ಹರಡಿ, ಮೇವಿನ ಮೇಲೆ ಬಿದ್ದು, ಹಸುವಿನ ಹಾಲಿನ ಕೊಬ್ಬಿನಲ್ಲಿ ಸೇರಿ ಮನುಷ್ಯನ ದೇಹಕ್ಕೆ ಬರುತ್ತವೆ. ಆ ಒಲೆಯ ಮುಂದೆ ಕುಳಿತು ಊದುವವರು ಸಾಮಾನ್ಯವಾಗಿ ಬಸುರಿಯೋ ಬಾಣಂತಿಯೋ ಆಗಿರುತ್ತಾರೆ. ಪ್ಲಾಸ್ಟಿಕ್ ಕೈಚೀಲವನ್ನು ಕರ್ನಾಟಕದಲ್ಲಿ 2016ರಲ್ಲಿಯೂ, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷೇಧಿಸಲಾಗಿದೆ. ಆದರೂ ಸಂತೆಯಿಂದ ಮನೆಗೆ ಅವು ಬರುತ್ತಲೇ ಇವೆ. ಬಟ್ಟೆಯ ಚೀಲವೊಂದನ್ನು ಸೈಕಲ್ಲಿಗೋ ಬೈಕಿಗೋ ಸಿಕ್ಕಿಸಿಕೊಂಡು ಹೋಗುವ ಕೆಲಸ ಯಜಮಾನರದಾಗಲಿ. ಸಂತೆಗೆ ಹೋಗುವವರು ಹೆಚ್ಚಾಗಿ ಅವರೇ ಅಲ್ಲವೇ?

ಹಳೆಯ ಟೈರು, ಒಡೆದ ಮಡಕೆ, ತೆಂಗಿನ ಚಿಪ್ಪುಗಳನ್ನು ‘ಮುಂದೆ ಬೇಕಾಗಬಹುದು’ ಎಂದು ಹಿತ್ತಲಲ್ಲಿ ರಾಶಿ ಹಾಕುವುದೂ ಉಳಿತಾಯವಲ್ಲ. ಡೆಂಗ್ಯೂ, ಚಿಕುನ್‌ಗುನ್ಯ ಹರಡುವ ಸೊಳ್ಳೆಯು ಇಂಥ ಶುದ್ಧವಾದ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ನೀರು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮುಂದಿನ ಮಳೆಗೆ ಮರಿಯಾಗುತ್ತವೆ. 2006ರಲ್ಲಿ ಚಿಕುನ್‌ಗುನ್ಯ ರಾಜ್ಯದ ಹಳ್ಳಿಗಳನ್ನು ಮಲಗಿಸಿದುದು ಹಿರಿಯರಿಗೆ ನೆನಪಿರಬಹುದು. ಬಳಸುವುದಾದರೆ ಈಗಲೇ ಬಳಸಿರಿ: ಟೈರಿಗೆ ಮಣ್ಣು ತುಂಬಿ ಗಿಡ ನೆಡಿರಿ, ಚಿಪ್ಪನ್ನು ಒಲೆಗೆ ಹಾಕಿರಿ. ಇಲ್ಲವಾದರೆ ಗುಜರಿಯವನಿಗೆ ಕೊಟ್ಟುಬಿಡಿರಿ.

ಗುಜರಿಯವನನ್ನು ಹೀನಾಯವಾಗಿ ಕಾಣುವುದು ಸರಿಯಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಹೊಸದನ್ನು ಮಾಡಲು, ಅದಿರಿನಿಂದ ಮಾಡಲು ಬೇಕಾಗುವ ಶಕ್ತಿಯ ಇಪ್ಪತ್ತನೆಯ ಒಂದು ಭಾಗ ಸಾಕಾಗುತ್ತದೆ. ಕಬ್ಬಿಣ, ಕಾಗದ, ಗಾಜುಗಳಲ್ಲಿಯೂ ಉಳಿತಾಯವುಂಟು. ಆದರೆ ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸ ತೆಗೆಯುವ ಸಾಹಸವನ್ನು ಯಾರೂ ಮಾಡಬಾರದು; ಸೀಸವು ಮಕ್ಕಳ ಮೆದುಳನ್ನು ಕೆಡಿಸುತ್ತದೆ. ಹಳೆಯ ವೃತ್ತಪತ್ರಿಕೆಯಲ್ಲಿ ಬಿಸಿ ಬೋಂಡ, ವಡೆಗಳನ್ನು ಕಟ್ಟಬಾರದು, ಮುದ್ರಣದ ಶಾಯಿ ಎಣ್ಣೆಯಲ್ಲಿ ಕರಗಿ ಹೊಟ್ಟೆಗೆ ಸೇರುತ್ತದೆ.

ಹಳೆಯ ಬಟ್ಟೆ

ಹುಟ್ಟಿದ ಮಗುವಿಗೆ ಹೊಸ ಬಟ್ಟೆಗಿಂತ ಅಜ್ಜಿಯ ಹಳೆಯ ನೂಲಿನ ಸೀರೆಯೇ ಮೆತ್ತಗೆ. ಸಾಬೂನಿನಿಂದ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಹೆರಿಗೆಗೆ ಮೊದಲೇ ಮಡಿಸಿಟ್ಟುಕೊಳ್ಳಿರಿ. ಮುಟ್ಟಿನ ದಿನಗಳ ಬಟ್ಟೆಗೂ ಇದೇ ನಿಯಮ. ಯಾರಿಗೂ ಕಾಣಬಾರದೆಂದು ಅದನ್ನು ಕತ್ತಲೆಯ ಮೂಲೆಯಲ್ಲಿ ಒಣಹಾಕಿದರೆ ಸೋಂಕಿಗೆ ದಾರಿಯಾಗುತ್ತದೆ. ಬಿಸಿಲೇ ಅದರ ಔಷಧ. ಮನೆಯಲ್ಲಿ ಅದಕ್ಕೊಂದು ಬಿಸಿಲಿನ ಹಗ್ಗವನ್ನು ಕಟ್ಟಿಕೊಡಲು ಗಂಡನಾದವನು ನಾಚಬೇಕಾಗಿಲ್ಲ. ಸಗಣಿಯ ಮಹಿಮೆಯನ್ನು ಮೇಲೆ ಇಷ್ಟು ಹೇಳಿದೆನೆಂದು ಮಗುವಿನ ಹೊಕ್ಕುಳಿಗೆ ಸಗಣಿಯನ್ನೋ ಬೂದಿಯನ್ನೋ ಹಚ್ಚಬಾರದು. ಅದರಿಂದ ಧನುರ್ವಾಯು ತಗಲುವ ಭಯವುಂಟು. ಹೊಕ್ಕುಳನ್ನು ಒಣಗಲು ಬಿಡಿರಿ, ಅಷ್ಟೇ ಸಾಕು.

ಎರಡು ಗುಂಡಿಯ ಶೌಚಾಲಯ

ಕೊನೆಯದಾಗಿ, ಹೇಳಲು ಸಂಕೋಚಪಡುವ ಒಂದು ವಿಷಯ. 2014ರಲ್ಲಿ ಸ್ವಚ್ಛ ಭಾರತ ಅಭಿಯಾನವು ಆರಂಭವಾದಂದಿನಿಂದ ಹಳ್ಳಿಗಳಲ್ಲಿ ಕಟ್ಟಿದ ಶೌಚಾಲಯಗಳಲ್ಲಿ ಎರಡು ಗುಂಡಿಯವು ಅನೇಕ. ಒಂದು ಗುಂಡಿಯು ಐದಾರು ಜನರ ಕುಟುಂಬಕ್ಕೆ ಸುಮಾರು ಮೂರು ವರ್ಷ ಬರುತ್ತದೆ. ಅದು ತುಂಬಿದಾಗ ನಡುವಣ ತೊಟ್ಟಿಯಲ್ಲಿ ದಾರಿಯನ್ನು ಬದಲಿಸಿ ಎರಡನೆಯದಕ್ಕೆ ಬಿಡಬೇಕು. ಮೊದಲನೆಯದನ್ನು ಮುಚ್ಚಿ ಎರಡು ವರ್ಷ ಮುಟ್ಟದೆ ಇಟ್ಟರೆ ಮಲವು ಗೊಬ್ಬರವಾಗುತ್ತದೆ. ಜಂತು ಹುಳುವಿನ ಗಟ್ಟಿಯಾದ ಮೊಟ್ಟೆಗಳೂ ಸಾಯಲು ಇಷ್ಟು ಕಾಲ ಬೇಕು. ಕೊಕ್ಕೆಹುಳುವು ಗರ್ಭಿಣಿಯ ರಕ್ತವನ್ನು ಹೀರುವ ಬಗೆಯನ್ನು ಬಲ್ಲವರು ಈ ಎರಡು ವರ್ಷವನ್ನು ದೀರ್ಘವೆನ್ನಲಾರರು. ಗುಂಡಿಯು ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ; ತಳಕ್ಕೆ ಸಿಮೆಂಟು ಬೇಡ. ಎರಡೂ ಗುಂಡಿಗಳನ್ನು ಒಟ್ಟಿಗೆ ತೆರೆದಿಟ್ಟಿರುವುದು ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ನಡುವಣ ತೊಟ್ಟಿಯ ಮುಚ್ಚಳವನ್ನೆತ್ತಿ ಒಮ್ಮೆ ನೋಡಿರಿ.

ಗುಂಡಿಯನ್ನು ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಹಳ್ಳಿಗಳಲ್ಲಿ ಬರುವ ಉತ್ತರವು ನನಗೆ ತಿಳಿದಿದೆ. ಮಲ ಹೊರುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಎರಡು ವರ್ಷ ಮುಚ್ಚಿಟ್ಟ ಗುಂಡಿಗಾದರೋ ಯಾರನ್ನೂ ಕರೆಯುವ ಅಗತ್ಯವೇ ಬೀಳುವುದಿಲ್ಲ. ಮಾಲೂರು ತಾಲ್ಲೂಕಿನ ಒಂದು ಮನೆಯಲ್ಲಿ ಅಂಥ ಗುಂಡಿಯ ಮುಚ್ಚಳವನ್ನು ನನ್ನೆದುರಿಗೇ ತೆಗೆದರು. ಮನೆಯೊಡತಿಯು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತಿದ್ದಳು. ಒಳಗಿದ್ದುದು ಕಪ್ಪಾದ, ಪುಡಿಪುಡಿಯಾದ, ವಾಸನೆಯಿಲ್ಲದ ಮಣ್ಣು. ಯಜಮಾನನು ಕೈಗವಸು ಹಾಕಿಕೊಂಡು ಸನಿಕೆಯಿಂದ ನಾಲ್ಕು ಬುಟ್ಟಿ ತೆಗೆದನು. ಸ್ವಲ್ಪ ಹೊತ್ತಿನಲ್ಲಿ ಆಕೆಯೇ ಹತ್ತಿರ ಬಂದು, ಇದನ್ನು ಮೊದಲು ತೆಂಗಿನ ಬುಡಕ್ಕೆ ಹಾಕೋಣವೇ, ಬಾಳೆಗೆ ಹಾಕೋಣವೇ ಎಂದು ಕೇಳಿದಳು. ತೆಂಗಿಗೇ ಹಾಕಿ ಮೇಲೆ ಮಣ್ಣು ಮುಚ್ಚಿರೆಂದು ಹೇಳಿ, ಇಬ್ಬರೂ ಸಾಬೂನಿನಿಂದ ಕೈ ತೊಳೆಯುವವರೆಗೂ ಅಲ್ಲಿಯೇ ನಿಂತಿದ್ದು ಬಂದೆನು.